ಮಾಳಿಗೆಯ ಮೇಲಿನ ಬಿಸಿಲು

ಬಾಳಕದ ಮೆಣಸಿನಕಾಯಿ ಒಣಹಾಕಲು ಮಾಳಿಗೆಯ ಮೇಲೆ ಹಳೇ ಪೇಪರು ಹಾಸುತ್ತಿದ್ದೆ. ಗಾಳಿಗೆ ಹಾರಬಾರದೆಂದು ಮೂಲೆಗೊಂದು ಕಲ್ಲು ಇಡುವಾಗ ಒಂದು ಪ್ರಕಟಣೆ ಕಣ್ಣಿಗೆ ಬಿತ್ತು. ಕನ್ನಡಕವಿಲ್ಲದೆ ಓದಲಾಗದಷ್ಟು ಸಣ್ಣ ಅಕ್ಷರ. ಪೇಪರನ್ನು ದೂರ ಹಿಡಿದು, ಹತ್ತಿರ ಹಿಡಿದು ಓದಿದೆ. ನಮ್ಮ ಓಣಿಯ ಹೆಸರಿತ್ತು, ಸರ್ವೆ ನಂಬರಿತ್ತು, ‘ವಸತಿ ಬಳಕೆಯಿಂದ ವಾಣಿಜ್ಯ ಬಳಕೆಗೆ’ ಎಂಬ ಮಾತಿತ್ತು, ಕಡೆಗೆ ‘ಆಕ್ಷೇಪಣೆ ಇದ್ದವರು ಮೂವತ್ತು ದಿನದೊಳಗೆ ನಗರಾಭಿವೃದ್ಧಿ ಪ್ರಾಧಿಕಾರಕ್ಕೆ ಲಿಖಿತವಾಗಿ ಸಲ್ಲಿಸತಕ್ಕದ್ದು’ ಎಂದು ಬರೆದಿತ್ತು. ಪೇಪರು ಹನ್ನೊಂದು ದಿನ ಹಳೆಯದು. ಮೆಣಸಿನಕಾಯಿ ಬುಟ್ಟಿಯನ್ನು ಅಲ್ಲೇ ಬಿಟ್ಟು ಕೆಳಗಿಳಿದೆ.

ನಮ್ಮ ಮನೆಯವರು ದಿನಾ ಬೆಳಿಗ್ಗೆ ಒಂದೂವರೆ ತಾಸು ಪೇಪರ್ ಓದುತ್ತಾರೆ. ಬಸ್ ಡಿಪೋದ ನೌಕರಿಯಿಂದ ನಿವೃತ್ತರಾದ ಮೇಲೆ ಅದೇ ಅವರ ಡ್ಯೂಟಿ. ರಾಶಿ ಭವಿಷ್ಯ ಓದುತ್ತಾರೆ. ನಮಗೆ ಒಂದು ಗುಂಟೆ ಹೊಲವಿಲ್ಲದಿದ್ದರೂ ಹತ್ತಿಯ ಧಾರಣೆ ಓದುತ್ತಾರೆ. ಗುರುತಿಲ್ಲದವರ ಶ್ರದ್ಧಾಂಜಲಿ ಓದಿ ‘ಪಾಪ’ ಅನ್ನುತ್ತಾರೆ. ಆ ಪ್ರಕಟಣೆಯ ಮೇಲೆ ಬೆರಳಿಟ್ಟು ಅವರ ಮುಂದೆ ಹಿಡಿದೆ.

“ಇದನ್ನ ಓದಿರ್ಲಿಲ್ಲೇನ್ರಿ?”

“ಓದಿದ್ದೆ.”

“ಓದಿ?”

“ಸರಕಾರಿ ಭಾಷಾದಾಗ ಇತ್ತು. ನಮಗ್ಯಾಕ ಅಂತ ಬಿಟ್ಟೆ.”

ನಮಗ್ಯಾಕಂತೆ! ಮನೆಯ ಗೋಡೆಗೆ ಹತ್ತಿಕೊಂಡ ಜಾಗದ ಸುದ್ದಿ ನಮಗಲ್ಲದೆ ಮತ್ತಾರಿಗೆ ಬೇಕು?

ಜಾಗದ ವಿವರ ಹೇಳದಿದ್ದರೆ ನನ್ನ ಸಿಟ್ಟು ತಿಳಿಯುವುದಿಲ್ಲ. ಹುಬ್ಬಳ್ಳಿಯ ಬೆಂಗೇರಿ ಕಡೆಯ ಓಣಿ ನಮ್ಮದು. ಎರಡು ಆಟೋ ಎದುರುಬದುರು ಬಂದರೆ ಒಂದು ಹಿಂದಕ್ಕೆ ಸರಿಯಬೇಕು, ಅಷ್ಟೇ ಅಗಲ. ನಮ್ಮದು ಒಂದಂತಸ್ತಿನ ಮನೆ, ಮೇಲೆ ಬಯಲು ಮಾಳಿಗೆ. ಮೂಡಣ ದಿಕ್ಕಿಗೆ ಸಾವುಕಾರರ ಕಲ್ಯಾಣ ಮಂಟಪ. ಸಾವುಕಾರರ ಮನೆತನ ಮೊದಲು ಹತ್ತಿ ವ್ಯಾಪಾರದ್ದು. ಈಗ ದುರ್ಗದಬೈಲಿನಲ್ಲಿ ಬಟ್ಟೆ ಅಂಗಡಿ. ಹತ್ತಿಯ ಹಳೇ ಗೋದಾಮನ್ನು ಅವರ ತಂದೆ ಮಂಟಪ ಮಾಡಿದ್ದರು. ಕೆಳಗೆ ಊಟ, ಮೇಲೆ ಅಕ್ಷತೆ. ವಸತಿ ಜಾಗದಲ್ಲಿ ಇಷ್ಟು ವರ್ಷ ಅದು ಯಾವ ಕಾನೂನಿನ ಮೇಲೆ ನಡೆದಿತ್ತೋ, ಯಾರೂ ಕೇಳಿರಲಿಲ್ಲ. ಓಣಿಯವರ ಮದುವೆ, ಬಸುರಿಯರ ಕುಬಸ, ಕೂಸುಗಳ ತೊಟ್ಟಿಲು ಎಲ್ಲವೂ ಅಲ್ಲೇ ಆಗಿದ್ದವು. ಈಗ ಹಿಂದಿನ ಎರಡು ಮನೆ ಕೊಂಡು, ಎಲ್ಲ ಕೂಡಿಸಿ, ಆರು ಮಜಲಿನ ಹೊಸ ಮಂಟಪ ಮತ್ತು ಲಾಡ್ಜ್ ಎಬ್ಬಿಸುವ ಆಲೋಚನೆ. ಅದಕ್ಕಾಗಿ ಜಾಗದ ಬಳಕೆ ಬದಲಾಗಬೇಕು.

ಎರಡು ಅಂತಸ್ತಿನ ಮಂಟಪದಿಂದ ನನಗೆ ತೊಂದರೆ ಇರಲಿಲ್ಲ. ಬೇಸಿಗೆಯಲ್ಲಿ ಏಳೂವರೆಗೆಲ್ಲ ಅದರ ನೆರಳು ನಮ್ಮ ಮಾಳಿಗೆ ಬಿಟ್ಟು ಹೋಗುತ್ತಿತ್ತು. ನನಗೆ ಬೇಕಾದದ್ದು ಅದೇ, ಬೆಳಗಿನ ಬಿಸಿಲು. ಹದಿನಾರು ವರ್ಷದಿಂದ ನಾನು ಸಂಡಿಗೆ, ಶ್ಯಾವಿಗೆ, ಬಾಳಕ ಮಾಡಿ ಮಾರುತ್ತೇನೆ. ಒಬ್ಬಳೇ ಶುರು ಮಾಡಿದ್ದು, ಆಮೇಲೆ ಓಣಿಯ ಮೂವರು ಕೂಡಿಕೊಂಡರು. ನಸುಕಿನಲ್ಲಿ ಎದ್ದು ಅಕ್ಕಿ ಹಿಟ್ಟಿನ ಅಂಬಲಿ ಕುದಿಸಿ, ಬಿಸಿ ಆರುವ ಮೊದಲು ಮಾಳಿಗೆಗೆ ಒಯ್ದು ಸಂಡಿಗೆ ಬಿಡಬೇಕು. ಏಳೂವರೆಯ ಬಿಸಿಲು ಮೊದಲು ಮೇಲಿನ ತೇವ ಹೀರುತ್ತದೆ, ಹನ್ನೊಂದಕ್ಕೆ ತಿರುವಿ ಹಾಕಬಹುದು, ಎರಡು ಗಂಟೆಗೆ ಡಬ್ಬಿ ಸೇರುತ್ತದೆ. ಎರಡರ ನಂತರದ ಬಿಸಿಲನ್ನು ನಮ್ಮ ಕಡೆ ನಂಬುವಂತಿಲ್ಲ. ಏಪ್ರಿಲ್ ಬಂತೆಂದರೆ ಮೂರು ಗಂಟೆಗೆ ಎಲ್ಲಿಂದಲೋ ಮೋಡ ಬರುತ್ತದೆ, ಗಾಳಿ ಏಳುತ್ತದೆ, ದಪ್ಪ ದಪ್ಪ ಹನಿ ಬೀಳುತ್ತವೆ. ಅರೆ ಒಣಗಿದ ಸಂಡಿಗೆ ಮರುದಿನಕ್ಕೆ ಹುಳಿ ವಾಸನೆ ಹೊಡೆಯುತ್ತದೆ. ಎಣ್ಣೆಯಲ್ಲಿ ಬಿಟ್ಟರೆ ಅರಳುವುದೇ ಇಲ್ಲ.

ಮನೆ ನಮ್ಮವರ ಹೆಸರಿನಲ್ಲಿದೆ, ಗ್ಯಾಸು ಅವರ ಹೆಸರಿನಲ್ಲಿದೆ, ಕರೆಂಟ್ ಬಿಲ್ಲು ಸತ್ತುಹೋದ ಮಾವನವರ ಹೆಸರಿನಲ್ಲೇ ಬರುತ್ತದೆ. ನನ್ನ ಹೆಸರಿಗೆ ಅಂತ ಇದ್ದದ್ದು ಸಂಡಿಗೆ ಒಂದೇ. ಧಾರವಾಡದಿಂದ, ಸತ್ತೂರಿನ ಕಡೆಯಿಂದ ಜನ ಕೇಳಿಕೊಂಡು ಬಂದು ಓಣಿಯ ತುದಿಯಲ್ಲಿ ನಿಂತು “ಸಂಡಗಿ ಅವ್ವಾರ ಮನಿ ಯಾವುದ್ರಿ?” ಅನ್ನುವಾಗ ನನಗೆ ಆಗುವ ಖುಷಿ ನನಗೇ ಗೊತ್ತು. ಆ ಖುಷಿ ನಿಂತದ್ದು ಏಳೂವರೆಯ ಬಿಸಿಲಿನ ಮೇಲೆ. ಅದನ್ನು ಕೊಡಲಾರೆ ಎಂದು ಅವತ್ತೇ ನಿರ್ಧಾರ ಮಾಡಿದೆ.

ಪೇಪರಿನ ಫೋಟೋ ತೆಗೆದು ಓಣಿಯ ವಾಟ್ಸಾಪ್ ಗ್ರೂಪಿಗೆ ಹಾಕಿ, ‘ಎಲ್ಲರೂ ಓದಿರಿ, ಸಂಜೆ ಮಾಸ್ತರರ ಕಟ್ಟೆಗೆ ಬನ್ನಿರಿ’ ಎಂದು ಬರೆದೆ. ಹದಿನಾಲ್ಕು ಜನ ಕೈ ಮುಗಿದ ಚಿತ್ರ ಕಳಿಸಿದರು. ಹದಿನೈದನೆಯದೂ ಬಂತು, ಸಾವುಕಾರರದು. ಅವರೂ ಆ ಗ್ರೂಪಿನಲ್ಲಿದ್ದಾರೆಂಬುದು ನನಗೆ ಮರೆತೇ ಹೋಗಿತ್ತು.

ಮಾಸ್ತರರೆಂದರೆ ಮೂಲೆ ಮನೆಯ ನಿವೃತ್ತ ಶಿಕ್ಷಕರು, ಓಣಿಯ ಅರ್ಜಿಗಳನ್ನೆಲ್ಲ ಬರೆಯುವವರು. ಸಂಜೆ ಅವರ ಕಟ್ಟೆಯ ಮೇಲೆ ಎಲ್ಲರಿಗೂ ಬಾಯಿ ಬಂದಿತ್ತು. ಈಗಲೇ ಬರಾತಿನ ಕುದುರೆ ಬಾಗಿಲಲ್ಲಿ ಲದ್ದಿ ಹಾಕುತ್ತದೆ ಎಂದರು ಒಬ್ಬರು. ಬ್ಯಾಂಡಿಗೆ ಕಿಟಕಿ ಗಾಜು ನಡುಗುತ್ತದೆ ಎಂದರು ಇನ್ನೊಬ್ಬರು. ಗಟಾರು ತುಂಬಿ ಅನ್ನ ಸಾರು ತೇಲುವುದು, ನಮ್ಮ ಗೇಟಿನ ಮುಂದೆ ಬೇರೆ ಊರಿನ ಕಾರು ನಿಲ್ಲುವುದು, ನೀರಿನ ಟ್ಯಾಂಕರು ಓಣಿಯಲ್ಲಿ ಸಿಕ್ಕಿಬೀಳುವುದು, ಎಲ್ಲ ಬಂತು. ಹಾಗಾದರೆ ಪ್ರಾಧಿಕಾರದ ಸಾಹೇಬರ ಮುಂದೆ ಯಾರು ಯಾರು ಏನು ಹೇಳುತ್ತೀರಿ ಎಂದು ಕೇಳಿದೆ. ಇಬ್ಬರು ಎದ್ದು ಚಪ್ಪಲಿ ಹುಡುಕತೊಡಗಿದರು.

“ನೀವ ಹೇಳ್ರಿ ಅವ್ವಾರ,” ಎಂದರು ಕುದುರೆ ಲದ್ದಿಯ ಮಾತೆತ್ತಿದವರು. “ನಿಮಗ ಮಾತಾಡಾಕ ಬರತೈತಿ. ನಾವು ಹಿಂದ ಇರತೇವಿ.”

ಈ ಗುಣಕ್ಕೆ ನಮ್ಮಲ್ಲಿ ಭಿಡೆ ಅನ್ನುತ್ತೇವೆ. ಅದು ಅಂಜಿಕೆಯಲ್ಲ. ಪೂರ್ತಿ ಗೌರವವೂ ಅಲ್ಲ. ಎದುರಿಗೆ ನಿಂತ ಗುರುತಿನ ಮನುಷ್ಯನಿಗೆ ‘ಆಗೋದಿಲ್ಲ’ ಅನ್ನಲು ನಾಲಿಗೆ ಏಳದಿರುವ ಒಂದು ರೋಗ. ಬೇಡವಾದ ಮೂರನೇ ಹೋಳಿಗೆಯನ್ನು ಭಿಡೆಗೆ ತಿನ್ನುತ್ತೇವೆ. ಹೋಗಲು ಮನಸ್ಸಿಲ್ಲದ ಕಾರ್ಯಕ್ಕೆ ಭಿಡೆಗೆ ಹೋಗಿ, ಅಲ್ಲಿ ಇನ್ನೊಂದು ಕಾರ್ಯಕ್ಕೆ ಭಿಡೆಗೆ ಒಪ್ಪಿಕೊಂಡು ಬರುತ್ತೇವೆ. ಊರೆಲ್ಲ ಇದನ್ನು ಸಂಸ್ಕಾರ ಎಂದು ಹೊಗಳಿಕೊಳ್ಳುತ್ತದೆ. ನನಗಂತೂ ಅದರ ಹೆಸರೆತ್ತಿದರೆ ಮೈ ಉರಿಯುತ್ತದೆ.

ಮಾಸ್ತರರು ಅರ್ಜಿ ಬರೆದು ತಂದರು. ಮೂರು ಪುಟ. ಮೊದಲ ಪುಟದಲ್ಲಿ ಸಾಹೇಬರಿಗೆ ನಮಸ್ಕಾರ, ಓಣಿಯ ಇತಿಹಾಸ. ಎರಡನೇ ಪುಟದಲ್ಲಿ ಸಾವುಕಾರರ ತಂದೆಯವರ ದಾನಗುಣ. ಮೂರನೆಯದರ ಕೊನೆಗೆ, ‘ತಮಗೆ ಅನಾನುಕೂಲವಾಗದಿದ್ದಲ್ಲಿ ಕಟ್ಟಡದ ಎತ್ತರವನ್ನು ಕುರಿತು ಪುನರಾಲೋಚಿಸಬಹುದೆಂದು ಸವಿನಯವಾಗಿ’ ಎಂದಿತ್ತು.

“ಇದು ಆಕ್ಷೇಪಣಾನೋ ಲಗ್ನಪತ್ರಿಕೇನೋ ಮಾಸ್ತರ?” ಎಂದು ಕೇಳಿಬಿಟ್ಟೆ.

ಅವರು ಬೇಸರ ಮಾಡಿಕೊಳ್ಳಲಿಲ್ಲ. ಮೊದಲ ಎರಡು ಪುಟ ಕಿತ್ತುಕೊಟ್ಟರು. ಮೇಲಾಗಿ ಒಂದು ಉಪಾಯವನ್ನೂ ಹೇಳಿದರು. “ಬಾಯಿ ಮಾತು ಯಾರೂ ಕೇಳೂದಿಲ್ಲ ನೋಡ್ರಿ. ನೆಳ್ಳು ಅಳದು ತೋರಿಸ್ರಿ. ನಾಕು ಫೂಟಿನ ಕೋಲು ನಿಲ್ಲಸ್ರಿ, ತಾಸಿಗೊಮ್ಮೆ ಅದರ ನೆಳ್ಳು ಅಳೀರಿ. ಕೋಲಿಗೆ ಇಷ್ಟಾದ್ರ ಆರು ಮಜಲಿಗೆ ಎಷ್ಟು ಅನ್ನೂದನ್ನ ಸಾಲಿ ಹುಡುಗ್ರೂ ಲೆಕ್ಕಾ ಹಾಕ್ತಾರ.”

ಶ್ಯಾವಿಗೆ ಇಳಿಬಿಡುವ ಬಿದಿರು ಕೋಲನ್ನೇ ನಾಲ್ಕು ಫೂಟಿಗೆ ಕತ್ತರಿಸಿ, ಮಣ್ಣು ತುಂಬಿದ ಡಬ್ಬಿಯಲ್ಲಿ ನಿಲ್ಲಿಸಿದೆ. ಐದು ದಿನ ಬೆಳಿಗ್ಗೆ ಅಳತೆಪಟ್ಟಿ ಹಿಡಿದು ಮಾಳಿಗೆಯಲ್ಲೇ ಕೂತೆ. ನನ್ನ ಜೊತೆಗಿದ್ದವಳು ಎದುರು ಮನೆಯ ಹೊಲಿಗೆಯಾಕೆ. ನಮ್ಮ ನಾಲ್ವರ ಪೈಕಿ ನನಗೆ ಹತ್ತಿರದವಳು. ಒಂಬತ್ತು ವರ್ಷದ ಹಿಂದೆ ಗಂಡ ತೀರಿಕೊಂಡ; ಹಗಲು ಸಂಡಿಗೆ, ಸಂಜೆ ಹೊಲಿಗೆ ಮಾಡಿ ಮಗಳನ್ನು ಓದಿಸುತ್ತಿದ್ದಾಳೆ. ಅಳತೆಗಳನ್ನು ಒಯ್ದು ಕೊಟ್ಟಾಗ ಮಾಸ್ತರರು ಲೆಕ್ಕ ಹಾಕಿದರು. ಹತ್ತು ಗಂಟೆಯವರೆಗೆ ಇಡೀ ಮಾಳಿಗೆ ನೆರಳು. ಹತ್ತೂವರೆಗೆ ಪಡುವಣ ಅಂಚಿನಲ್ಲಿ ಒಂದು ಪಟ್ಟಿ ಬಿಸಿಲು. ಹನ್ನೊಂದಕ್ಕೆ ಹೆಚ್ಚುಕಡಿಮೆ ಅರ್ಧ. ಸೀಮೆಸುಣ್ಣ ಅಳಿಸಿಹೋದೀತೆಂದು, ಗೇಟಿಗೆ ಹಚ್ಚಿ ಉಳಿದಿದ್ದ ಬಿಳಿ ಬಣ್ಣದಲ್ಲಿ ಮಾಳಿಗೆಯ ಮೇಲೆ ಗೆರೆ ಎಳೆದು, ‘ಹತ್ತೂವರೆ’, ‘ಹನ್ನೊಂದು’ ಎಂದು ಬರೆದೆವು. ಅದನ್ನೇ ದೊಡ್ಡ ಹಾಳೆಯ ಮೇಲೆ ನಕಾಶೆ ಮಾಡಿ ಸಾಹೇಬರಿಗೆ ತೋರಿಸಲೆಂದು ಇಟ್ಟುಕೊಂಡು, ಕೊಟ್ಟ ದಿನದೊಳಗೆ ಅರ್ಜಿಯನ್ನು ಆಫೀಸಿಗೆ ಮುಟ್ಟಿಸಿದೆ. ಇಪ್ಪತ್ತೊಂದು ಸಹಿ. ನನಗೆ ಅಷ್ಟು ಹೆಮ್ಮೆ ಎಂದೂ ಆಗಿರಲಿಲ್ಲ.

ವಿಚಾರಣೆಗೆ ಬರಬೇಕೆಂದು ಪತ್ರ ಬಂತು. ಅದಕ್ಕೆ ಎರಡು ದಿನ ಮುಂಚೆ ಸಾವುಕಾರರ ಹೆಂಡತಿ ಮನೆಗೆ ಬಂದರು. ಓಣಿಗೆಲ್ಲ ಅವರು ಅಕ್ಕಾರು, ಅವರಿಗೆ ನಾನು ವೈನಿ, ಅಂದರೆ ಅತ್ತಿಗೆ. ಕೈಯಲ್ಲಿ ಕುಂಕುಮದ ಬಟ್ಟಲು.

“ನಾಳೆ ಸಂಜಿಮುಂದ ಮಂಟಪಕ್ಕ ಬರಬೇಕು ವೈನಿ. ಹೊಸಾ ಕೆಲಸಾ ಹಿಡೀಬೇಕಂತ ಮಾಡೇವಿ. ಅದಕ್ಕೂ ಮದಲ ಓಣ್ಯಾಗಿನ ಹೆಣ್ಮಕ್ಕಳಿಗೆಲ್ಲಾ ಉಡಿ ತುಂಬಬೇಕಂತ ನನ್ನ ಮನಸಿನ್ಯಾಗ ಐತಿ.”

ಅರ್ಜಿಯ ವಿಷಯ ಅವರಿಗೆ ಗೊತ್ತಿತ್ತು. ಅವರಿಗೆ ಗೊತ್ತಿದೆಯೆಂಬುದು ನನಗೂ ಗೊತ್ತಿತ್ತು. ಆದರೂ ನನ್ನ ಹಣೆಗೆ ಕುಂಕುಮ ಹಚ್ಚಿ, ಕೈ ಹಿಡಿದು, “ನೀವು ಬರಲಿಲ್ಲಂದ್ರ ನನಗ ಸಮಾಧಾನ ಇಲ್ಲ ನೋಡ್ರಿ,” ಅಂದರು. ಇದು ಸಾವುಕಾರರ ಹೂಟವೋ, ಅಕ್ಕಾರ ಒಳ್ಳೆಯತನವೋ ಇವತ್ತಿಗೂ ನನಗೆ ಗೊತ್ತಿಲ್ಲ. ಹೂಟವೆಂದು ಖಾತ್ರಿಯಾಗಿದ್ದರೆ ಬೈದು ಹಗುರಾಗುತ್ತಿದ್ದೆ.

ಉಡಿ ತುಂಬುವುದೆಂದರೆ ನಮ್ಮ ಕಡೆ ಹೆಣ್ಣುಮಗಳಿಗೆ ಮಾಡುವ ದೊಡ್ಡ ಮರ್ಯಾದೆ. ಮಣೆಯ ಮೇಲೆ ಕೂಡಿಸಿ, ಅವಳು ಒಡ್ಡಿದ ಸೆರಗಿನಲ್ಲಿ ಅಕ್ಕಿ, ತೆಂಗಿನಕಾಯಿ, ಕುಬಸ ಹೊಲಿಸುವ ಖಣ, ಉತ್ತತ್ತಿ, ಅರಿಷಿಣ ಬೇರು ಹಾಕುತ್ತಾರೆ. ತವರಿನಲ್ಲಿ ತುಂಬುತ್ತಾರೆ, ಗುಡಿಯಲ್ಲಿ ದೇವಿಗೆ ತುಂಬುತ್ತಾರೆ. ಒಲ್ಲೆ ಅನ್ನುವಂತಿಲ್ಲ. ಆ ಅಕ್ಕಿಯನ್ನು ಯಾರಿಗೂ ಕೊಡುವಂತಿಲ್ಲ, ನಮ್ಮ ಮನೆಯಲ್ಲೇ ಬೇಯಿಸಿ ಉಣ್ಣಬೇಕು. ಹೋಗಬಾರದೆಂದು ಮರುದಿನ ನಾಲ್ಕು ಗಂಟೆಯವರೆಗೆ ಹಟ ಹಿಡಿದು ಕೂತಿದ್ದೆ. ಐದಕ್ಕೆ ಇಳಕಲ್ ಸೀರೆ ಉಟ್ಟುಕೊಂಡು ಹೊರಟೆ. ನಮ್ಮವರು ಪೇಪರಿನ ಹಿಂದಿನಿಂದ ಒಮ್ಮೆ ನೋಡಿದರು. ಏನಾದರೂ ಅಂದಿದ್ದರೆ ಅಲ್ಲೇ ಜಗಳವಾಗುತ್ತಿತ್ತು. ಪುಟ ತಿರುವಿದರು.

ಮಂಟಪದಲ್ಲಿ ಓಣಿಯ ಹೆಂಗಸರೆಲ್ಲ ಇದ್ದರು. ಒಬ್ಬೊಬ್ಬರನ್ನೇ ಮಣೆಗೆ ಕರೆದು ಅಕ್ಕಾರು ಉಡಿ ತುಂಬುತ್ತಿದ್ದರು. ನನ್ನದಾಯಿತು. ಆಮೇಲೆ ಅವರು ಕಂಬದ ಹಿಂದೆ ನಿಂತಿದ್ದ ಹೊಲಿಗೆಯಾಕೆಯತ್ತ ನೋಡಿ, “ಬಾರವಾ, ನೀ ಯಾಕ ಅಲ್ಲಿ ನಿಂತಿ?” ಎಂದು ಕರೆದರು.

ಗಂಡನಿಲ್ಲದವಳಿಗೆ ಉಡಿ ತುಂಬುವ ರೂಢಿ ಇಲ್ಲ. ಹಿರಿಯ ಹೆಂಗಸರಿಬ್ಬರು ಮುಖ ಮುಖ ನೋಡಿಕೊಂಡರು. ಹೊಲಿಗೆಯಾಕೆ “ನಾ ಯಾಕ್ರಿ ಅಕ್ಕಾರ, ನಾ ಸುಮ್ಮ ನೋಡಾಕ ಬಂದೇನಿ,” ಎಂದು ಹಿಂದೆ ಸರಿದಳು. ಅಕ್ಕಾರು ತಾವೇ ಎದ್ದು ಹೋಗಿ ಕೈ ಹಿಡಿದು ತಂದು ಮಣೆಯ ಮೇಲೆ ಕೂಡಿಸಿದರು. ಐದು ಬೊಗಸೆ ಅಕ್ಕಿ ಹಾಕಿದರು, ಎಲ್ಲರಿಗೂ ಹಾಕಿದಷ್ಟೇ. ತೆಂಗಿನಕಾಯಿಯನ್ನು ಅವಳ ಸೆರಗಿನಲ್ಲಿಟ್ಟಾಗ ಅವಳ ಕಣ್ಣೀರು ಅಕ್ಕಿಯ ಮೇಲೆ ಬಿತ್ತು. ನಾನೂ ಅತ್ತೆ. ಅಳುತ್ತಲೇ, ನಾಳೆಯ ಕೆಲಸ ಕೆಟ್ಟಿತು ಅಂತಲೂ ಅಂದುಕೊಂಡೆ.

ಮನೆಗೆ ಬರುವಾಗ ಅವಳು ಓಣಿಯ ನಡುವೆ ನಿಂತಳು. “ಒಂಬತ್ತು ವರ್ಷಾತ್ರಿ, ನನ್ನ ಉಡಿ ಯಾರೂ ತುಂಬಿದ್ದಿಲ್ಲ. ತವರು ಮನ್ಯಾಗೂ ತುಂಬಿದ್ದಿಲ್ಲ. ಇನ್ನ ಆ ಮನಿ ಮ್ಯಾಲ ನಾ ಹ್ಯಾಂಗ ತಕರಾರ ಮಾಡ್ಲಿ? ನನ್ನ ಬೈಬ್ಯಾಡ್ರಿ.”

ಬೈಯಲಿಲ್ಲ. ಎಲ್ಲರನ್ನೂ ಬೈಯುವ ನಾನು, ಅವಳ ಉಡಿಯ ಸೆರಗು ಜಾರದಂತೆ ಗಂಟು ಬಿಗಿದುಕೊಟ್ಟೆ. ಮರುದಿನ ಬೆಳಿಗ್ಗೆ ನಮ್ಮ ಮನೆಯಲ್ಲಿ ಆ ಅಕ್ಕಿಯ ಹುಗ್ಗಿ ಆಯಿತು. ನಮ್ಮವರು ಎರಡು ಸಲ ಹಾಕಿಸಿಕೊಂಡರು. ಉಂಡು, ನಕಾಶೆಯನ್ನು ಸುರುಳಿ ಸುತ್ತಿಕೊಂಡು ಆಫೀಸಿಗೆ ಹೋದೆವು.

ಇಪ್ಪತ್ತೊಂದು ಸಹಿಯಲ್ಲಿ ನನ್ನನ್ನು ಬಿಟ್ಟು ಹನ್ನೊಂದು ಜನ ಬಂದಿದ್ದರು. ಸಾವುಕಾರರು ನಮಗಿಂತ ಮೊದಲೇ ಬಂದು ಬಾಗಿಲಲ್ಲಿ ನಿಂತು, ಕಾರ್ಯಕ್ಕೆ ಬಂದವರನ್ನು ಎದುರುಗೊಳ್ಳುವವರ ಹಾಗೆ “ಬರ್ರಿ, ಬರ್ರಿ, ಚಾ ಆತೇನ್ರಿ?” ಎನ್ನುತ್ತಿದ್ದರು. ಚಹಾ ತರಿಸಿದವರೂ ಅವರೇ. ನಮ್ಮ ಓಣಿಯವರೆಲ್ಲ ಆ ಚಹಾ ಕುಡಿದರು. ನಾನೂ ಕುಡಿದೆ.

ಸಾಹೇಬರು ಒಬ್ಬೊಬ್ಬರ ಹೆಸರು ಕರೆದು ಕೇಳಿದರು. “ನಿಮ್ಮ ತಕರಾರು ಏನೈತಿ ಹೇಳ್ರಿ.”

ಕುದುರೆ ಲದ್ದಿಯವರು ಎದ್ದು ಸಾವುಕಾರರ ಮುಖ ನೋಡಿ, “ಅಂಥಾದ್ದೇನಿಲ್ರಿ,” ಎಂದು ಕೂತರು.

ಬ್ಯಾಂಡಿನವರು, “ಮಂದಿ ಮನಿ ಲಗ್ನ ಅಂದ್ರ ಬ್ಯಾಂಡ ಇರೂದ ಬಿಡ್ರಿ,” ಎಂದರು.

ಗಟಾರಿನವರು ಗಟಾರಿನ ಹೆಸರೇ ಎತ್ತಲಿಲ್ಲ. ಮಾಸ್ತರರು ಎದ್ದರು. ಈಗಾದರೂ ಒಂದು ಮಾತು ಬಂದೀತೆಂದು ಕಾದೆ. ನಾನು ಕಿತ್ತು ತೆಗೆಸಿದ್ದ ಆ ಎರಡು ಪುಟಗಳನ್ನು ಅವರು ಬಾಯಿಪಾಠ ಮಾಡಿದ್ದರು! ಓಣಿಯ ಇತಿಹಾಸದಿಂದ ಹಿಡಿದು ಸಾವುಕಾರರ ತಂದೆಯವರು ಶಾಲೆಗೆ ಪಾಟಿ ಪುಸ್ತಕ ಕೊಡಿಸಿದ್ದರವರೆಗೆ ಹೇಳಿ, ಕೈ ಮುಗಿದು ಕೂತರು. ಹೊಲಿಗೆಯಾಕೆ ಎದ್ದು ನಿಂತು ತಲೆ ತಗ್ಗಿಸಿದಳು. ಸಾಹೇಬರೇ “ಆತು, ಕೂಡ್ರಿ” ಅಂದರು.

ನನ್ನ ಸರದಿ ಬಂತು. ಹೋಗಿ ಮೇಜಿನ ಮೇಲೆ ನಕಾಶೆ ಹರವಿದೆ. ಸಾಹೇಬರು ಬಗ್ಗಿ ನೋಡಿ ನಕ್ಕರು. “ರಂಗೋಲಿ ಛಲೋ ಹಾಕೀರಲ್ರಿ.”

“ರಂಗೋಲಿ ಅಲ್ರಿ ಸಾಹೇಬ್ರ. ನಮ್ಮ ಮಾಳಗಿ ಮ್ಯಾಲ ಬೀಳೂ ನೆಳ್ಳು,” ಎಂದೆ. ಕೋಲಿನ ಲೆಕ್ಕ ಹೇಳಿದೆ. ಹತ್ತೂವರೆ, ಹನ್ನೊಂದರ ಗೆರೆ ತೋರಿಸಿದೆ. ಅಂಬಲಿ ಎಷ್ಟು ಹೊತ್ತಿಗೆ ಕುದಿಯಬೇಕು, ಮೂರಕ್ಕೆ ಮೋಡ ಹೇಗೆ ಬರುತ್ತದೆ, ಅರೆ ಒಣಗಿದ್ದು ಯಾಕೆ ಕೆಡುತ್ತದೆ, ಒಂದೂ ಬಿಡದೆ ಹೇಳಿದೆ. ಹೇಳುತ್ತ ಹೇಳುತ್ತ ಧೈರ್ಯ ಬಂತು. “ನನಗ ಬೆಳಗಿನ ಬಿಸಲು ಬೇಕ್ರಿ. ನಾಕು ಮಜಲಾ ಕಡಿಮಿ ಮಾಡ್ಲಿ. ನಾ ಮತ್ತೇನೂ ಕೇಳೂದಿಲ್ಲ,” ಎಂದು ಮುಗಿಸಿದೆ.

ಸಾಹೇಬರ ನಗು ನಿಂತಿತ್ತು. ನಕಾಶೆಯನ್ನು ತಮ್ಮ ಕಡೆ ತಿರುಗಿಸಿಕೊಂಡು ಗೆರೆಯ ಮೇಲೆ ಪೆನ್ನು ಆಡಿಸತೊಡಗಿದರು. ಗೆದ್ದೆನೆಂದು ಒಂದು ಕ್ಷಣ ಅನ್ನಿಸಿತು. ಅಷ್ಟರಲ್ಲಿ ಸಾವುಕಾರರು ಎದ್ದರು.

“ವೈನ್ಯಾರು ಹೇಳಿದ್ದು ಖರೇ ಐತ್ರಿ ಸಾಹೇಬ್ರ. ಅವರ ಬಿಸಲು ಕಸಗೊಂಡು ನಮಗೇನಾಗಬೇಕು? ನಮ್ಮ ಆರನೇ ಮಜಲಾದ ಮ್ಯಾಲ ದೊಡ್ಡ ಬೈಲು ಇರತೈತಿ. ಬೆಳಗ ಆರಕ್ಕ ಬಿಸಲು ಬರತೈತಿ, ಸಂಜಿ ಆರರ ತನಕಾ ಹೋಗೂದಿಲ್ಲ. ಅಲ್ಲೇ ಒಣಗಸಲಿ. ಲಿಫ್ಟ್ ಐತಿ, ಮೆಟ್ಲಾ ಹತ್ತೂ ತ್ರಾಸೂ ಇಲ್ಲ. ಒಂದ ಪೈಸಾ ಬ್ಯಾಡ. ಅವರು ಬ್ಯಾರೆದವರಲ್ಲ, ನಮ್ಮ ಮನಿಯವರ.”

ಹನ್ನೊಂದೂ ಜನ “ಹೌದ್ರಿ, ಹೌದ್ರಿ” ಎಂದರು. ಇಷ್ಟು ಹೊತ್ತು ಇವರ ಬಾಯಿ ಎಲ್ಲಿತ್ತು? ಸಾಹೇಬರ ಮುಖ ಅರಳಿತು. “ನಿಮಗ ಒಪ್ಪಿಗಿ ಐತೇನ್ರಿ?” ಎಂದು ನನ್ನನ್ನು ಕೇಳಿದರು.

ಹೇಳಬೇಕಾದದ್ದು ನನಗೆ ಸ್ಪಷ್ಟ ಗೊತ್ತಿತ್ತು. ನಿಮ್ಮ ಬಿಸಿಲು ನನಗೆ ಬೇಡ, ನನ್ನದು ನನಗಿರಲಿ ಅನ್ನಬೇಕಿತ್ತು. ಅಷ್ಟೇ ಮಾತು. ಆದರೆ ಸಾವುಕಾರರು ಕೈ ಮುಗಿದು ನಿಂತಿದ್ದರು. ಹೊಲಿಗೆಯಾಕೆ ನನ್ನನ್ನೇ ನೋಡುತ್ತಿದ್ದಳು. ಬೆಳಿಗ್ಗೆಯ ಹುಗ್ಗಿಯ ರುಚಿ ಇನ್ನೂ ಬಾಯಲ್ಲಿತ್ತು. ನಮ್ಮವರು ಹಿಂದಿನಿಂದ “ಹೂಂ ಅನ್ನ” ಎಂದು ಪಿಸುಗುಟ್ಟಿದರು. ಬರೀ ಬಿಸಿಲು ಬೇಕು, ಮತ್ತೇನೂ ಕೇಳುವುದಿಲ್ಲ ಎಂದು ಈಗಷ್ಟೇ ನಾನೇ ಹೇಳಿದ್ದೆ. ಕೇಳಿದ್ದನ್ನು ಕೊಡುತ್ತೇನೆಂದವರಿಗೆ ಇನ್ನೇನು ಹೇಳುವುದು?

“ಹೂಂ ರಿ. ಆಗ್ಲಿ,” ಎಂದೆ.

‘ಉಭಯತರ ಒಪ್ಪಿಗೆಯಿಂದ ಆಕ್ಷೇಪಣೆ ಬಗೆಹರಿದಿದೆ’ ಎಂದು ಬರೆದು, ಕೆಳಗೆ ನನ್ನ ಸಹಿ ತೆಗೆದುಕೊಂಡರು. ನಕಾಶೆಯನ್ನೂ ಫೈಲಿಗೆ ಹಚ್ಚಿದರು. ಬಸ್ಸಿನಲ್ಲಿ ನಮ್ಮವರು “ಛಲೋ ಆತು ಬಿಡು, ಯಾರ ಮನಸಿಗೂ ನೋವಾಗ್ಲಿಲ್ಲ” ಅಂದರು. ಬೆಂಗೇರಿ ಬರುವವರೆಗೆ ಅವರ ಕಡೆ ತಿರುಗಿ ನೋಡಲಿಲ್ಲ.

ಕಟ್ಟಡ ಎದ್ದಿತು. ಎರಡು ಬೇಸಿಗೆ ಸಿಮೆಂಟಿನ ಧೂಳಿಗೆ ಅಂಜಿ ನಾವು ಸಂಡಿಗೆ ಹಾಕಲೇ ಇಲ್ಲ. ಮೂರನೇ ಬೇಸಿಗೆಗೆ ಮಂಟಪದ ಬಾಗಿಲು ತೆರೆಯಿತು. ಸಾವುಕಾರರು ಮಾತಿಗೆ ತಪ್ಪುವವರಲ್ಲ. ತಾವೇ ಫೋನ್ ಮಾಡಿ, “ಯಾವಾಗ ಬರ್ತೀರಿ ವೈನ್ಯಾರ? ವಾಚ್‌ಮನ್‌ಗ ಹೇಳಿಟ್ಟೇನಿ,” ಅಂದರು.

ಮೊದಲ ದಿನ ಅಂಬಲಿಯ ಪಾತ್ರೆ ಹೊತ್ತು ನಾನೂ ಹೊಲಿಗೆಯಾಕೆಯೂ ಆರೂವರೆಗೆ ಗೇಟಿನ ಹತ್ತಿರ ಹೋದೆವು. ವಾಚ್‌ಮನ್ ಒಂದು ದೊಡ್ಡ ಪುಸ್ತಕ ಮುಂದಿಟ್ಟ. ಹೆಸರು, ಮನೆ, ಬಂದ ವೇಳೆ, ಯಾರನ್ನು ಕಾಣಬೇಕು. ಮೊದಲ ಮೂರು ತುಂಬಿದೆ.

“ಯಾರನ್ನ ಕಾಣಬೇಕು ಬರದಿಲ್ಲಲ್ರಿ ಅವ್ವಾರ.”

“ಯಾರನ್ನೂ ಕಾಣಬೇಕಾಗಿಲ್ಲಪ್ಪಾ. ಬಿಸಲಿಗೆ ಬಂದೇವಿ.”

“ಖಾಲಿ ಬಿಡಾಕ ಬರೂದಿಲ್ರಿ. ಮ್ಯಾನೇಜರ್ ಬೈತಾರ.”

‘ಬಿಸಿಲು’ ಎಂದೇ ಬರೆದೆ. ಅವನು ಓದಿ, ತಲೆಯಾಡಿಸಿ ಒಳಗೆ ಬಿಟ್ಟ. ಲಿಫ್ಟಿನಲ್ಲಿ ಕಾಯಿಪಲ್ಲೆ ಚೀಲಗಳಿಗೆ ಮೊದಲ ಪಾಳಿ. ಮೇಲ್ಗಡೆ ಬಾಗಿಲಿನ ಕೀಲಿ ಮ್ಯಾನೇಜರರ ಹತ್ತಿರ, ಮ್ಯಾನೇಜರ್ ಬರುವುದು ಎಂಟಕ್ಕೆ. ಅಂಬಲಿ ಆರಿ ಗಟ್ಟಿಯಾಯಿತು. ಬಿಸಿನೀರು ಕಲಸಿ ಹೇಗೋ ಬಿಟ್ಟೆವು. ಅಕ್ಷತೆ ಇದ್ದ ದಿನ ಮೇಲೆ ಪ್ರವೇಶ ಇಲ್ಲವಂತೆ, ಫೋಟೋದವರಿಗೆ ಆ ಜಾಗ ಬೇಕಂತೆ. ಬೇಸಿಗೆಯಲ್ಲಿ ಅಕ್ಷತೆ ಇಲ್ಲದ ದಿನ ಹುಡುಕಬೇಕು. ಯಾರೂ ನಮ್ಮನ್ನು ಬೈಯಲಿಲ್ಲ, ಎಲ್ಲರೂ “ರೀ” ಹಚ್ಚಿಯೇ ಹೇಳಿದರು. ಅದಕ್ಕೇ ನನಗೆ ಹೆಚ್ಚು ಸಿಟ್ಟು ಬಂತು.

ಹತ್ತು ದಾಟಿದ ಮೇಲೆ, ಸಂಡಿಗೆ ತಿರುವಿ ಹಾಕುವ ಮೊದಲು ಅಂಚಿನ ಕಟ್ಟೆಯ ಹತ್ತಿರ ಹೋಗಿ ಕೆಳಗೆ ಇಣುಕಿದೆ. ನಮ್ಮ ಮಾಳಿಗೆ ಅಷ್ಟು ಸಣ್ಣದಾಗಿ ಕಾಣುತ್ತದೆಂದು ನನಗೆ ಗೊತ್ತಿರಲಿಲ್ಲ. ನೀರಿನ ಟಾಕಿ, ಒಣಗಲು ಹಾಕಿದ ನಮ್ಮವರ ಲುಂಗಿ, ನಮ್ಮ ಬಿಳಿ ಗೆರೆಗಳು, ಎಲ್ಲ ನೆರಳಿನಲ್ಲಿ. ಪಡುವಣ ಅಂಚಿನಲ್ಲಿ ಮಾತ್ರ ಒಂದು ಪಟ್ಟಿ ಬಿಸಿಲು ಮೂಡಿತ್ತು. ನಿಂತು ನೋಡಿದೆ. ಅದು ಸರಿಯುತ್ತ ಬಂದು ‘ಹತ್ತೂವರೆ’ ಎಂದು ಬರೆದ ಗೆರೆಗೆ ಮುಟ್ಟಿತು. ಹೊಲಿಗೆಯಾಕೆ ಮೊಬೈಲ್ ತೆಗೆದು ಹೊತ್ತು ನೋಡಿ ನನಗೆ ತೋರಿಸಿದಳು. ಹತ್ತೂವರೆಯೇ ಆಗಿತ್ತು. ನಮ್ಮ ಲೆಕ್ಕ ತಪ್ಪಿರಲಿಲ್ಲ.

ಹಿಂದೆ ಲಿಫ್ಟಿನ ಬಾಗಿಲು ಸಪ್ಪಳವಾಯಿತು. ಅಕ್ಕಾರು ನಮಗಾಗಿ ತಾಟಿನಲ್ಲಿ ಅವಲಕ್ಕಿ, ಚಹಾ ಹಿಡಿದು ಬಂದಿದ್ದರು. ಮೊಣಕಾಲು ನೋವಿದ್ದರೂ ತಾವೇ ತಂದಿದ್ದರು. ಹರವಿದ ಸಂಡಿಗೆ ನೋಡಿ ಖುಷಿಪಟ್ಟರು. ನನ್ನ ಪಕ್ಕಕ್ಕೆ ಬಂದು ಕೆಳಗೆ ಇಣುಕಿದರು.

“ಇಲ್ಲಿಂದ ನೋಡಿದ್ರ ಓಣಿ ಗುರುತ ಸಿಗೂದಿಲ್ಲ ನೋಡ್ರಿ. ನಿಮ್ಮ ಮಾಳಗಿ ಯಾವುದ್ರಿ ವೈನಿ?”

“ಅಲ್ಲೇ ಕೆಳಗ ಐತಲ್ರಿ,” ಎಂದು ಕೈ ಮಾಡಿದೆ. “ಆ ನೆಳ್ಳಾಗ ಇದ್ದದ್ದು.”

ಅಕ್ಕಾರು ನೋಡಿದರು. ಬಹಳ ಹೊತ್ತು ನೋಡಿದರು. ತಾಟು ಹಿಡಿದ ಕೈ ಕೆಳಗಿಳಿಯಿತು. ನಮ್ಮ ಮಾಳಿಗೆ ಹೀಗೆ ಪೂರ್ತಿ ನೆರಳಿಗೆ ಬೀಳುತ್ತದೆಂದು ಅವರಿಗೆ ನಿಜವಾಗಿಯೂ ಗೊತ್ತಿರಲಿಲ್ಲ ಎಂದು ಆಗ ನನಗೆ ಅನ್ನಿಸಿತು. ಇಷ್ಟು ವರ್ಷ ನಾನು ಯಾರಾದರೊಬ್ಬರು ಹೀಗೆ ನೋಡಲಿ ಎಂದೇ ಕಾದಿದ್ದೆ. ಈಗ ಹೇಳಬಹುದಿತ್ತು. ಸಾಹೇಬರ ಮುಂದೆ ಆಡದೆ ಉಳಿದ ಮಾತು ನಾಲಿಗೆಯ ತುದಿಗೇ ಬಂದಿತ್ತು.

ಅವರ ಕಣ್ಣಲ್ಲಿ ನೀರು ಬಂದಿತ್ತು.

“ಇರಲಿ ಬಿಡ್ರಿ ಅಕ್ಕಾರ,” ಎಂದು ಅವರ ಕೈಯಿಂದ ತಾಟು ಇಸಿದುಕೊಂಡೆ. “ಇಲ್ಲಿ ಬಿಸಲು ಅಗದೀ ಛಲೋ ಐತಿ.”